ಹುಡುಗನ ಎದೆ ಪರೀಕ್ಷೆ

“ಬೈಕ್ ಮುಟ್ಟಬ್ಯಾಡ ಕಣ್ ಮಗ, ನಿನ್ ದಮ್ಮಯ್ಯ ಅಂತೀನಿ!”

ಚಿನ್ನಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಚನ್ನಪಟ್ಟಣದ ಡಾಕ್ಟರು ಈಗಷ್ಟೇ ಫೋನು ಇಟ್ಟಿದ್ದರು. “ಸಿದ್ಧಾರ್ಥ ಅವರ ಇಸಿಜಿ ಈಗ ನೋಡಿದೆ. ಸರಿಯಿಲ್ಲ. ಓಡಾಡಿಸಬೇಡಿ, ತಕ್ಷಣ ಕರ್ಕೊಂಡು ಬನ್ನಿ.” ಸ್ಪೀಕರಿನ ಮಾತು ತಾಯಿಯ ಕಿವಿಗೂ ಬಿದ್ದಿತ್ತು.

ಅವಳು ಹೆದರದೆ ಇನ್ನೇನು ಮಾಡಿಯಾಳು? ಹಿರಿಮಗ ದೇವರಾಜ್ ಹೋದ ವರ್ಷ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತ ಕುಸಿದವನು ಮತ್ತೆ ಏಳಲಿಲ್ಲ. ಮೂವತ್ತೊಂದು ವರ್ಷ. ಬೀಡಿ ಕೂಡ ಮುಟ್ಟಿದವನಲ್ಲ. ಅದನ್ನು ಕೇಳಿಯೇ ಹೆಣ್ಣಿನ ಕಡೆಯವರು, ಮೊದಲು ಹುಡುಗನ ಎದೆ ಪರೀಕ್ಷೆ, ಆಮೇಲೆ ನಿಶ್ಚಿತಾರ್ಥ ಎಂದು ಪಟ್ಟು ಹಿಡಿದಿದ್ದರು. ಅಣ್ಣ ಸತ್ತಂದಿನಿಂದ ಸಿದ್ಧಾರ್ಥನಿಗೆ ಆಸ್ಪತ್ರೆಯ ಬೋರ್ಡು ಕಂಡರೇ ಬೆವರು. ಆದರೂ ನಿನ್ನೆ ಸಂಜೆ ಗೆಳೆಯ ಪುನೀತ್‌ನನ್ನು ಕರೆದುಕೊಂಡು ಹೋಗಿದ್ದ. ಇಬ್ಬರೂ ನಗುತ್ತಲೇ ವಾಪಸು ಬಂದಿದ್ದರು.

ಈಗ ಸಿದ್ಧಾರ್ಥನ ಮುಖದಲ್ಲಿ ರಕ್ತವೇ ಇಲ್ಲ. ಪುನೀತ್‌ಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ.

“ಅವ್ನನ್ ಯಾಕ್ಲಾ ಕರೀತೀಯ? ಆಂಬುಲೆನ್ಸ್ ಬತ್ತೈತೆ, ಒಸಿ ಕೂತ್ಕೊ.”

“ಅವ್ನು ಸ್ಕೂಲ್ ಗ್ರೌಂಡ್‌ನಾಗವ್ನೆ ಕಣವ್ವ. ಕಬಡ್ಡಿ ಆಡ್ತಾವ್ನೆ!”

“ಆಡ್ಕಳ್ಲಿ ಬುಡು! ನಿನ್ ಜೀವ ನೋಡ್ಕೊ!”

ಬೈಕಿನ ಕೀ ಅವಳ ಮುಷ್ಟಿಯಲ್ಲಿತ್ತು. ಸಿದ್ಧಾರ್ಥ ಅವಳನ್ನು ಪಕ್ಕಕ್ಕೆ ಸರಿಸಿ ಓಡಿದ. ಡಾಕ್ಟರು ಏನು ಹೇಳಿದರು, ಇವನು ಏನು ಮಾಡುತ್ತಿದ್ದಾನೆ! “ಓಡಬ್ಯಾಡ್ವೋ, ನಿಮ್ಮಣ್ಣನಂಗೆ ಆಗೋಯ್ತೀಯ!” ಎಂದು ಚಿನ್ನಮ್ಮ ಬಾಯಿ ಬಡಿದುಕೊಂಡಳು. ಅವನು ತಿರುಗಿಯೂ ನೋಡಲಿಲ್ಲ. ದೇವರೇ, ಒಂದೇ ಒಂದು ಸಲ ಕಾಪಾಡು, ಎಂಥ ಕೆಲಸ ಮಾಡಿಬಿಟ್ಟೆ ಎಂದು ದಾರಿಯುದ್ದಕ್ಕೂ ಗೋಳಾಡುತ್ತಿದ್ದ.

ಗ್ರೌಂಡಿನಲ್ಲಿ ಆಟ ನಿಂತಿತ್ತು. ಹುಡುಗರ ಗುಂಪಿನ ನಡುವೆ ಪುನೀತ್ ಬಿದ್ದಿದ್ದ. “ಸುಸ್ತಾಗೈತೆ ಅಷ್ಟೆ, ನೀರು ತತ್ತಾ,” ಎಂದು ಯಾರೋ ಕೂಗುತ್ತಿದ್ದರು. ಸಿದ್ಧಾರ್ಥ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಉಸಿರು ಒಂದಿಷ್ಟೇ ಆಡುತ್ತಿತ್ತು.

ಅಷ್ಟರಲ್ಲಿ ಹೋಬಳಿ ಆಸ್ಪತ್ರೆಯ ಆಂಬುಲೆನ್ಸು ಧೂಳೆಬ್ಬಿಸಿಕೊಂಡು ಬಂತು. ಒಳಗಿಂದ ಚಿನ್ನಮ್ಮ ಬಿದ್ದೆದ್ದು ಇಳಿದಳು.

“ಸಿದ್ಧಾರ್ಥ ಯಾರ್ರೀ?” ಸ್ಟ್ರೆಚರ್ ಎಳೆಯುತ್ತ ನರ್ಸ್ ಕೇಳಿದ. ಚಿನ್ನಮ್ಮ ಮಗನ ಕಡೆ ಕೈ ಚಾಚಿದಳು.

“ನನ್ನಲ್ಲ, ಇವ್ನನ್ನ ಎತ್ತಿ,” ಎಂದು ಸಿದ್ಧಾರ್ಥ ಅತ್ತ. “ನಿನ್ನೆ ನನ್ನೆಸ್ರು ಹೇಳ್ಕೊಂಡು ಇಸಿಜಿಗೆ ಮಲಗಿದ್ದೋನು ಇವ್ನೇ.”