ಇವಳಿಗೆ ಹತ್ತು ನಿಮಿಷ

ಬಂದರಿನ ಗೇಟಿನ ಮುಂದೆ ಬಾಡಿಗೆ ಕಾರು ನಿಲ್ಲಿಸಿ ಮೈದುನ ಗಡಿಯಾರ ನೋಡಿದ. "ಅಣ್ಣ ಬರೆದಿಟ್ಟ ಆರು ಜಾಗಾನೂ ನೋಡಿದ್ವಿ ಅತ್ತಿಗೆ. ಹಡಗಿಗೆ ನಾಲ್ಕಕ್ಕೆ ವಾಪಸ್ ಅಂತ ಬರೆದಿದಾನೆ, ಈಗಿನ್ನೂ ಮೂರು" ಎಂದು ಚೀಟಿಯನ್ನು ಅವಳ ಕೈಗಿತ್ತ.

ಈ ಹಡಗಿನ ಪ್ರವಾಸಕ್ಕೆಂದು ಗಂಡ ತೀರಿಕೊಳ್ಳುವ ಹಿಂದಿನ ವಾರ ಕೂತು ಬರೆದದ್ದು. ದೀಪಸ್ತಂಭ, ಕೋಟೆ, ಕಪ್ಪೆಚಿಪ್ಪಿನ ಅಂಗಡಿ. ಪ್ರತಿ ಜಾಗದ ಪಕ್ಕದಲ್ಲೂ ಸಣ್ಣಕ್ಷರದಲ್ಲಿ 'ಇವಳಿಗೆ ಹತ್ತು ನಿಮಿಷ' ಎಂದಿತ್ತು. ಮೂವತ್ತು ವರ್ಷ, ಹೋದಲ್ಲೆಲ್ಲ "ನಿನ್ನಿಂದಲೇ ತಡ, ಹೊರಡೇ" ಎಂದು ನಾಲ್ಕು ಜನ ತಿರುಗಿ ನೋಡುವಂತೆ ಕೂಗಾಡಿದ ಮನುಷ್ಯ, ಅವಳು ತಡಮಾಡುವ ಹೊತ್ತನ್ನು ಮೊದಲೇ ಎತ್ತಿಟ್ಟು ಆಮೇಲೆ ಕೂಗುತ್ತಿದ್ದ. ಇವತ್ತು ಕೂಗುವವರಿರಲಿಲ್ಲ. ನೋಡುವ ಮನಸ್ಸೂ ಇಲ್ಲದೆ ಅವಳು ಎಲ್ಲೂ ಒಂದು ಗಳಿಗೆ ಹೆಚ್ಚು ನಿಂತಿರಲಿಲ್ಲ.

"ಕಾರು ಒಪ್ಪಿಸಿ ಹಡಗು ಹತ್ತಿಬಿಡೋಣ್ವಾ ಅತ್ತಿಗೆ?"

ಅವಳು ಚೀಟಿ ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಬೇಡಪ್ಪ, ಇಲ್ಲೇ ಇರೋಣ. ಈ ಒಂದು ಗಂಟೆ ನಿಮ್ಮಣ್ಣ ನನಗಂತ ಇಟ್ಟಿದ್ದು. ನಾನು ತಡಮಾಡೇ ಬರ್ತೀನಿ."