ಬಾಗಿಲ ಹೊರಗೆ ಬಿಟ್ಟ ಬೂಟು

"ಕೆಲಸ ಮುಗೀತಂತಲ್ಲ ಅಣ್ಣ, ನಮ್ಮೋರ ಬೂಟು ವಾಪಸ್ ಕೊಡಿ," ಎಂದು ಆಕೆ ಎರಕದ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದಾಗ, ಕಂಚು ಉಜ್ಜುತ್ತಿದ್ದ ಶಿಲ್ಪಿಯ ಕೈ ಗಕ್ಕನೆ ನಿಂತಿತು. ಆಕೆಯ ಕೈಯಲ್ಲಿ ಒಗೆದು ಮಡಿಸಿದ ಬಟ್ಟೆಚೀಲವಿತ್ತು. ಬೂಟನ್ನು ಅದರಲ್ಲಿಟ್ಟು ಮನೆಗೆ ಒಯ್ಯಲೆಂದೇ ತಂದದ್ದು.

ಬೆಂಕಿಕಡ್ಡಿ ಕಾರ್ಖಾನೆಯ ಮದ್ದಿನ ಕೋಣೆಗೆ ಬೂಟು ಹಾಕಿಕೊಂಡು ಹೋಗುವಂತಿರಲಿಲ್ಲ. ಹಿಮ್ಮಡಿಯ ಮೊಳೆ ನೆಲಕ್ಕೆ ಉಜ್ಜಿ ಒಂದು ಕಿಡಿ ಹಾರಿದರೂ ಕತೆ ಮುಗಿಯಿತು. ಅದಕ್ಕೇ ಎಲ್ಲರೂ ಬಾಗಿಲ ಹೊರಗೆ ಬಿಚ್ಚಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು. ಇಷ್ಟು ಜೋಪಾನ ಮಾಡಿದರೂ ಒಂದು ದಿನ ಕಿಡಿ ಎಲ್ಲಿಂದಲೋ ಬಂದೇ ಬಂತು. ಒಳಗಿದ್ದವರಲ್ಲಿ ಯಾರು ಯಾರೆಂದು ಹೇಳುವುದಕ್ಕೂ ಏನೂ ಉಳಿಯಲಿಲ್ಲ. ಹೊರಗಿದ್ದ ಬೂಟುಗಳಿಗೆ ಮಾತ್ರ ಮಸಿ ಕೂಡ ಹತ್ತಿರಲಿಲ್ಲ. ಮನೆಯವರು ಬಂದು ತಮ್ಮ ತಮ್ಮವರ ಜೊತೆಯನ್ನು ಹುಡುಕಿ, ಎದೆಗವಚಿಕೊಂಡು ಹೋದರು.

ಆ ಬೂಟುಗಳನ್ನೇ ಕಂಚಿನಲ್ಲಿ ಎರಕ ಹೊಯ್ಯಿಸಿ ಕಾರ್ಖಾನೆಯ ಗೇಟಿನ ಮುಂದೆ ಸಾಲಾಗಿ ಇಡಿಸಬೇಕೆಂದು ಊರಿನ ಕಲಾ ಮಂಡಳಿ ತೀರ್ಮಾನಿಸಿತು. ಮಂಡಳಿಯ ಮೇಡಂ ಮನೆಮನೆ ಹತ್ತಿಳಿದು, ಬಾಯಿತುಂಬ ಅಕ್ಕ, ಅಮ್ಮ ಎಂದು ಕರೆದು, ಹಿಂದಿರುಗಿಸುತ್ತೇವೆಂದು ಮಾತುಕೊಟ್ಟು ಬೂಟು ತಂದರು. ರಬ್ಬರಿನ ಅಚ್ಚು ತೆಗೆದಿದ್ದರೆ ಮಾತೂ ಉಳಿಯುತ್ತಿತ್ತು, ಬೂಟೂ ಉಳಿಯುತ್ತಿತ್ತು. ಆದರೆ ಅದಕ್ಕೆ ದಿನ ಹಿಡಿಯುತ್ತದೆ, ದೊಡ್ಡವರೊಬ್ಬರ ಬಿಡುವು ನೋಡಿಕೊಂಡು ಮಂಡಳಿ ಅನಾವರಣವನ್ನು ತೀರಾ ಹತ್ತಿರಕ್ಕೇ ಇಟ್ಟುಬಿಟ್ಟಿತ್ತು. ಶಿಲ್ಪಿ ಹತ್ತಿರದ ದಾರಿ ಹಿಡಿದ. ಬೂಟಿಗೇ ಮಣ್ಣು ಮೆತ್ತಿ ಕುಲುಮೆಗಿಟ್ಟ. ಬೂಟು ಒಳಗೇ ಸುಟ್ಟುಹೋಗುತ್ತದೆ, ಅದು ಬಿಟ್ಟುಹೋದ ಜಾಗಕ್ಕೆ ಕಂಚು ಇಳಿಯುತ್ತದೆ. ಸವೆದ ಬೂಟನ್ನು ಯಾರು ಕೇಳಿಕೊಂಡು ಬರುತ್ತಾರೆ ಅಂದುಕೊಂಡಿದ್ದ.

ಈಗ ಬಂದಿದ್ದಳು. ಶೆಡ್ಡಿನ ಮೂಲೆಯಲ್ಲಿ ನಾಳೆಯ ಅನಾವರಣದ ತಯಾರಿಯಲ್ಲಿದ್ದ ಮೇಡಂ ತಲೆ ಎತ್ತಿ ನೋಡಿ, ಕೂಡಲೇ ಫೋನಿನೊಳಗೆ ಮುಖ ಹುದುಗಿಸಿದರು. ಶಿಲ್ಪಿಗೆ ಬಾಯಲ್ಲಿ ಬಿಸಿತುಪ್ಪ. "ಮೊದ್ಲು ಇದನ್ನ ನೋಡಕ್ಕ," ಎಂದು ಕಂಚಿನ ಸಾಲಿನ ಕಡೆ ಕೈ ತೋರಿಸಿದ.

ಆಕೆ ಹುಡುಕಲಿಲ್ಲ, ನೇರ ಮೂರನೆಯ ಜೊತೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಅಯ್ಯೋ, ನೋಡಿ! ಕಿರುಬೆರಳ ಹತ್ರ ಬಿರಿದಿದ್ದು ಕೂಡ ಹಾಗೇ ಬಂದಿದೆ. ಲೇಸು ತುಂಡಾಗಿತ್ತು, ಈ ಗಂಟು ನಾನೇ ಹಾಕಿದ್ದು. ಹೊಸದು ತಗೊಳ್ಳಿ ಅಂತ ಬಡ್ಕೊಂಡ್ರೂ ಕೇಳ್ತಿರಲಿಲ್ಲ ಮಹಾನುಭಾವ," ಎಂದು ನಕ್ಕಳು. ಬಹಳ ದಿನದ ಮೇಲೆ ನಕ್ಕವಳಂತೆ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಚೆನ್ನಾಗಿ ಮಾಡಿದೀರಣ್ಣ. ನಿಮ್ಮ ಕೈಗೆ ಒಳ್ಳೇದಾಗಲಿ. ಸರಿ, ನಮ್ದು ಕೊಟ್ಬಿಡಿ, ಹೊರಡ್ತೀನಿ."

ಬೈದಿದ್ದರೂ ತಡೆದುಕೊಳ್ಳುತ್ತಿದ್ದ. ಆ ಹರಕೆ ಕೇಳಿ ಶಿಲ್ಪಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಬೂಟು ಇಲ್ಲಕ್ಕ. ಅಚ್ಚಿನೊಳಗೇ ಸುಟ್ಟೋಯ್ತು. ಸುಡದೆ ಎರಕ ಬರಲ್ಲ," ಅಂದ. ಕೊನೆಯ ಮಾತು ಸುಳ್ಳು. ಅದನ್ನು ಬಲ್ಲವನು ಅಲ್ಲಿ ಅವನೊಬ್ಬನೇ.

ಆಕೆ ಕುಲುಮೆಯ ಕಡೆ ನೋಡಿದಳು.

"ಬೂದಿ?"

"ಊದಿ ತೆಗೆದ್ವಿ. ಚೂರು ಉಳಿದ್ರೂ ಕಂಚಲ್ಲಿ ತೂತು ಬೀಳುತ್ತೆ."

"ಕಾರ್ಖಾನೆಯೋರೂ ಬೂದಿ ಕೊಡಲಿಲ್ಲ," ಅಂದಳು. ದೂರಿನ ದನಿಯೂ ಇರಲಿಲ್ಲ ಅದರಲ್ಲಿ. "ಯಾರದು ಯಾವುದು ಅಂತ ಬೇರೆ ಮಾಡೋಕಾಗಲ್ಲ ಅಂದ್ರು."

ಇನ್ನು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ಮೇಡಂ ಎದ್ದು ಬಂದರು. "ನೋಡಿ ಅಕ್ಕ, ಆ ಬೂಟು ಇನ್ನೆರಡು ಮಳೆಗಾಲಕ್ಕೆ ಹುಳ ಹಿಡಿದು ಹೋಗ್ತಿತ್ತು. ಇದು ನೂರು ವರ್ಷ ಇರುತ್ತೆ. ಊರಿಗೂರೇ ಬಂದು ನೋಡುತ್ತೆ."

"ನೂರು ವರ್ಷ ನಾನೆಲ್ಲಿ ಇರ್ತೀನಿ ಮೇಡಂ?" ಎಂದಳು ಆಕೆ.

ಆಕೆ ಕಂಚಿನ ಬೂಟಿನ ಕಡೆ ತಿರುಗಿ, ಮನೆಯಲ್ಲಿ ದಿನಾ ಕಸ ಗುಡಿಸುವಾಗ ಮಾಡುತ್ತಿದ್ದಂತೆ ಬಲಗೈಯನ್ನು ಅದರೊಳಗೆ ಹಾಕಲು ಹೋದಳು. ತೊಗಲಿನ ಬೂಟಿನ ಒಳ ಅಟ್ಟೆಯ ಮೇಲೆ ಗಂಡನ ಐದು ಬೆರಳಿನ ಕುಳಿಗಳಿದ್ದವು. ಅದರಲ್ಲಿ ತನ್ನ ಬೆರಳಿಟ್ಟು ಒಂದು ಗಳಿಗೆ ಕೂತರೇನೇ ಆಕೆಗೆ ಮುಂದಿನ ಕೆಲಸಕ್ಕೆ ಕೈ ಏಳುತ್ತಿತ್ತು. ಈಗ ಬೆರಳ ತುದಿ ಬೂಟಿನ ಬಾಯಲ್ಲೇ ಲೋಹಕ್ಕೆ ಬಡಿಯಿತು. ಎಡದ ಬೂಟನ್ನೂ ಮುಟ್ಟಿ ನೋಡಿದಳು.

"ಒಳಗೆ ತುಂಬಿಸಿಬಿಟ್ಟಿದೀವಿ ಅಕ್ಕ," ಎಂದ ಶಿಲ್ಪಿ, ನೆಲ ನೋಡುತ್ತ. "ಮಳೆನೀರು ನಿಂತ್ರೆ ಸೊಳ್ಳೆ ಆಗುತ್ತೆ ಅಂತ ಮಂಡಳಿಯೋರು ಹೇಳಿದ್ರು."

ಆಕೆ ಎದ್ದು, ಬರಿಯ ಚೀಲವನ್ನು ಇನ್ನೊಂದು ಮಡಿಕೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಹೊಸ್ತಿಲ ತನಕ ಹೋದವಳು ಅಲ್ಲೇ ತಿರುಗಿದಳು.

"ಅವರ ಹೆಣ ಇವತ್ತಿಗೂ ನಂಗ್ಯಾರೂ ತೋರಿಸಿಲ್ಲ ಅಣ್ಣ. ಅದಕ್ಕೇ ಬೂಟು ಮನೆ ಬಾಗಿಲ ಹತ್ರಾನೇ ಇಟ್ಟಿದ್ದೆ. ಈಗ ಬಂದ್ರೆ, ಕಾಲು ಎಲ್ಲಿ ಇಡ್ತಾರೆ?"