ತಮ್ಮ ತಿಂದ ಮೂಲೆ

"ಕೊನೇ ಪುಟದಲ್ಲಿ ಎಲ್ಲರೂ ಮೂಲೆ ಕಡೆ ಬೆರಳು ತೋರಿಸ್ತಿದಾರೆ. ಮೂಲೇಲಿ ನೋಡಿದ್ರೆ ಏನೂ ಇಲ್ಲ. ಮರಿಯಾನೆ ಎಲ್ಲಮ್ಮಾ?" ಸಂಪಾದಕಿ ಕನ್ನಡಕ ಹಣೆಗೇರಿಸಿ ಕೇಳಿದರು.

"ಬಿಡಿಸಿಲ್ಲ," ಎಂದಳು ಚಿತ್ರಗಾರ್ತಿ.

"ಮರೆತುಹೋಯ್ತಾ?"

"ಇಲ್ಲ. ಬೇಕಂತಲೇ."

ಸಂಪಾದಕಿ ಉಸ್ಸೆಂದು ಕುರ್ಚಿಗೆ ಒರಗಿದರು. ಇಷ್ಟು ವರ್ಷ ಕಂಡವರ ಕಥೆಗೆಲ್ಲ ಚಿತ್ರ ಬಿಡಿಸಿಕೊಟ್ಟ ಹುಡುಗಿ, ಮೊದಲ ಸಲ ತನ್ನದೇ ಕಥೆ, ತನ್ನದೇ ಚಿತ್ರ ಅಂತ ಒಂದು ಪುಸ್ತಕ ಮಾಡಿದ್ದಾಳೆ. ಊರಿಗೆ ಊರೇ ಎದ್ದು ಕಳೆದುಹೋದ ಮರಿಯಾನೆಯನ್ನು ಹುಡುಕುತ್ತದೆ. ಪುಟ ಪುಟವೂ ಮುದ್ದುಮುದ್ದು. ಕೊನೆಗೆ ನೋಡಿದರೆ ಬಲಗಡೆ ಕೆಳಮೂಲೆಯಲ್ಲಿ ಅಂಗೈಯಗಲ ಬಿಳೀ ಕಾಗದ! ಅತ್ತ ಮುದ್ರಣಾಲಯದವನು ಕೊನೇ ಪುಟ ಎಲ್ಲಿ ಅಂತ ಬೆಳಗ್ಗೆಯಿಂದ ಫೋನ್ ಮೇಲೆ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದಾನೆ. ಇತ್ತ ಮೇಜಿನ ಕೆಳಗೆ ಸಂಪಾದಕಿಯ ಮೊಮ್ಮಗಳು, ಇನ್ನೂ ಎರಡು ತುಂಬದ ಪುಟ್ಟಿ, ಅದೇ ಪುಸ್ತಕದ ಇನ್ನೊಂದು ಕರಡು ಪ್ರತಿಯನ್ನು ಎಳೆದುಕೊಂಡು ಕೂತಿದೆ.

"ನೋಡಮ್ಮಾ, ಸಂಜೆಯೊಳಗೆ ಅಲ್ಲೊಂದು ಆನೆ ತಂದು ನಿಲ್ಲಿಸು. ಇಲ್ಲಾಂದ್ರೆ ನಿನ್ನ ಪುಸ್ತಕ ಪಕ್ಕಕ್ಕಿಟ್ಟು ಬೇರೆಯವರದನ್ನ ಕಳಿಸ್ತೀನಿ."

ಚಿತ್ರಗಾರ್ತಿ ಹಟ ಬಿಡಲಿಲ್ಲ. "ಮೇಡಂ, ಚಿಕ್ಕಂದಿನಲ್ಲಿ ನಮ್ಮನೇಲಿ ಇದ್ದದ್ದೇ ಒಂದು ಚಿತ್ರದ ಪುಸ್ತಕ. ಬೆಕ್ಕಿನ ಮರಿ ಕಳೆದುಹೋಗೋ ಕಥೆ. ಅದರ ಕೊನೇ ಪುಟದ ಮೂಲೇನ ನನ್ನ ತಮ್ಮ ತಿಂದುಬಿಟ್ಟಿದ್ದ."

"ತಿಂದ?"

"ಹಲ್ಲು ಬರೋ ವಯಸ್ಸು, ಸಿಕ್ಕಿದ್ದೆಲ್ಲ ಬಾಯಿಗೆ. ಮರಿ ಇದ್ದದ್ದೂ ಅದೇ ಮೂಲೇಲಿ! ಎಲ್ಲಿ ಸಿಕ್ತು, ಎಲ್ಲಿ ಸಿಕ್ತು ಅಂತ ಅತ್ತೂ ಅತ್ತೂ ಮನೆ ತಲೆಮೇಲೆ ಮಾಡಿದೆ. ಅಪ್ಪ, ಬೂಟಿನೊಳಗೆ ಅಂದ್ರು. ಅಮ್ಮ, ಹಿಟ್ಟಿನ ಡಬ್ಬದ ಹಿಂದೆ ಅಂದ್ಲು. ಅಜ್ಜಿ ಮಾತ್ರ, 'ಇನ್ನೆಲ್ಲಿರುತ್ತೆ, ನಿನ್ನ ತಮ್ಮನ ಹೊಟ್ಟೇಲಿ' ಅಂದ್ಬಿಟ್ರು. ದಿನಾ ಅವನ ಹೊಟ್ಟೆಗೆ ಕಿವಿಯಿಟ್ಟು ಕೇಳ್ತಿದ್ದೆ. ಗುರ್ ಅಂತಿತ್ತು, ನಿಮ್ಮಾಣೆ! ಕೊನೆಗೆ ಅಪ್ಪ ಆ ಮೂಲೆಗೊಂದು ಬಿಳೀ ಕಾಗದ ಅಂಟಿಸಿ ನನ್ನ ಕೈಗೆ ಪೆನ್ಸಿಲ್ ಕೊಟ್ರು. ತಮ್ಮನ್ನ ಬಿಡಿಸಿದೆ, ಅವನ ಹೊಟ್ಟೆಯೊಳಗೆ ಬೆಕ್ಕಿನ ಮರಿ ಬಿಡಿಸಿದೆ. ಅವತ್ತು ಹಿಡಿದ ಪೆನ್ಸಿಲ್ ಇನ್ನೂ ಕೆಳಗಿಟ್ಟಿಲ್ಲ."

ಸಂಪಾದಕಿ ನಗು ಬಂದರೂ ನಗಲಿಲ್ಲ. "ಸರಿ ಹಾಗಾದ್ರೆ, 'ಇಲ್ಲಿ ನೀವೇ ಬಿಡಿಸಿ' ಅಂತ ಒಂದು ಸಾಲು ಹಾಕೋಣ."

"ಬೇಡ ಮೇಡಂ, ಹಾಗಂದ ಕೂಡಲೇ ಅದು ಹೋಮ್‌ವರ್ಕ್ ಆಗುತ್ತೆ."

"ಮತ್ತೆ ಏನೂ ಹೇಳದೆ ಖಾಲಿ ಮೂಲೆ ಕೊಟ್ರೆ ಮಕ್ಕಳು ಏನು ಮಾಡ್ಬೇಕು ಹೇಳು? ನಿಮ್ಮನೇ ಕಥೆ ನಿಮ್ಮನೇಗೆ ಚೆಂದ!"

ಮೇಜಿನ ಕೆಳಗಿಂದ ಸದ್ದೇ ಇಲ್ಲ ಎನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮಗು ಸುಮ್ಮನಾಯಿತು ಅಂದರೆ ಏನೋ ಎಡವಟ್ಟು ಆಯಿತು ಅಂತಲೇ ಲೆಕ್ಕ. ಬಗ್ಗಿ ನೋಡಿದರು. ಪುಟ್ಟಿ ಕೊನೇ ಪುಟದ ಖಾಲಿ ಮೂಲೆಯನ್ನು ಹರಿದು ಬಾಯಿಗಿಟ್ಟುಕೊಂಡು ನೆಮ್ಮದಿಯಾಗಿ ಅಗಿಯುತ್ತಿತ್ತು.

"ಅಯ್ಯೋ ನಿನ್ನ! ಉಗಿ, ಉಗಿಯೇ!" ಸಂಪಾದಕಿ ಬಾಯಿಗೆ ಬೆರಳು ಹಾಕುವಷ್ಟರಲ್ಲಿ ಕಾಗದ ಗುಳುಂ. ಪುಟ್ಟಿಗೆ ಅದರ ಚಿಂತೆಯೇ ಇಲ್ಲ. ಹರಿದ ಅಂಚಿನ ಮೇಲೆ ಒದ್ದೆ ಬೆರಳಿಟ್ಟು, ಚಿತ್ರದ ಮಂದಿಯೆಲ್ಲ ನೋಡುತ್ತಿದ್ದ ಕಡೆಗೇ ನೋಡುತ್ತಾ ಕೇಳಿತು: "ಆನೆ ಎಲ್ಲಿ?"

ಚಿತ್ರಗಾರ್ತಿ ತುಟಿ ಕಚ್ಚಿ ಹಿಡಿದಳು. ಸಂಪಾದಕಿ ಮೊಮ್ಮಗಳನ್ನೊಮ್ಮೆ, ಪುಟವನ್ನೊಮ್ಮೆ ನೋಡಿದರು. ಆಮೇಲೆ ಇಸ್ತ್ರಿ ಬಟ್ಟೆಯ ಗೊಡವೆಯೇ ಇಲ್ಲದೆ ನೆಲಕ್ಕೆ ಮಂಡಿಯೂರಿ, ಮಗುವಿನ ಹೊಟ್ಟೆಗೆ ಕಿವಿಯಿಟ್ಟರು.

"ಶ್! ಇಲ್ಲೇ ಇದೆ ಕಣೇ. ಘೀಳಿಡ್ತಾ ಇದೆ!"

ಪುಟ್ಟಿ ಕೇಕೆ ಹಾಕಿ ನಕ್ಕಿತು. ಅಂಗಿ ಎತ್ತಿ ತನ್ನ ಹೊಟ್ಟೆಯನ್ನು ತಾನೇ ಬಗ್ಗಿ ನೋಡಿಕೊಂಡಿತು. ಅಷ್ಟರಲ್ಲಿ ಮತ್ತೆ ಫೋನ್ ಬಡಿದುಕೊಂಡಿತು. ಸಂಪಾದಕಿ ನೆಲದಿಂದ ಏಳಲೂ ಇಲ್ಲ, ಅಲ್ಲಿಂದಲೇ ಕೈ ಚಾಚಿ ಎತ್ತಿಕೊಂಡರು.

"ಹೂಂ ಕಣಪ್ಪಾ, ಕೊನೇ ಪುಟ ಈಗಲೇ ಕಳಿಸ್ತೀನಿ. ಮೂಲೆ ಖಾಲಿ ಇರುತ್ತೆ, ಹಾಗೇ ಮುದ್ರಿಸು. ಕಾಗದ ಮಾತ್ರ, ತಿಂದ್ರೂ ಏನೂ ಆಗದಂಥದ್ದು ಹಾಕು."